ಎರಡೇ ಸೀಟಿನ ಕಪ್ಪೆ

ನಮ್ಮ ಸಾಗರದ ಕಡೆ ಯಾರಾದರೂ ಕಾರು ತಂದರೆ ಜನ ಮೊದಲು ಕೇಳುವ ಪ್ರಶ್ನೆ ಒಂದೇ: "ಎಷ್ಟು ಜನ ಹಿಡೀತಾರೆ?" ಪ್ರಶ್ನೆಯಲ್ಲಿ ನ್ಯಾಯವಿದೆ. ಒಂದು ಗೃಹಪ್ರವೇಶದ ಊಟಕ್ಕೆ ಹೊರಟರೆ ಮನೆಯವರು, ಪಕ್ಕದ ಮನೆಯವರು, ದಾರಿಯಲ್ಲಿ ಕೈ ಅಡ್ಡ ಹಿಡಿದ ದೂರದ ನೆಂಟರು, ವಾಪಸು ಬರುವಾಗ ಅವರೆಲ್ಲರ ಜೊತೆಗೆ ಒಂದು ಹಲಸಿನಹಣ್ಣು, ಒಂದು ಬಾಳೆಗೊನೆ ಒಳಗೆ ಸೇರಬೇಕು. ಸೇರಿದರೆ ಅದು ಕಾರು. ನನಗೆ ಈ ಪ್ರಶ್ನೆ ಬಂದಾಗ ನಾನು ಸಣ್ಣಗೆ ಕೆಮ್ಮಿ "ಇಬ್ಬರು" ಎನ್ನುತ್ತೇನೆ. ಕೇಳಿದವರು ಮಾತು ಇನ್ನೂ ಮುಗಿದಿಲ್ಲವೆಂದು ಕಾಯುತ್ತಾರೆ. ಮುಗಿದಿದೆ ಎಂದು ತಿಳಿದ ಮೇಲೆ ನನ್ನನ್ನು ನೋಡುವ ನೋಟದಲ್ಲಿ ಒಂದು ಕನಿಕರ ಬರುತ್ತದೆ.

ಪಕ್ಕದ ಮನೆಯ ಗಣಪಣ್ಣನಂತೂ ಕಾರು ಬಂದ ದಿನ ಅದಕ್ಕೊಂದು ಪೂರ್ತಿ ಪ್ರದಕ್ಷಿಣೆ ಹಾಕಿದರು. ಹಿಂದಿನ ಕಿಟಕಿ ಇರಬೇಕಾದ ಕಡೆ ಇಣುಕಿ, "ಅಯ್ಯೋ, ಹಿಂದೆ ಸೀಟೇ ಇಲ್ಲೆ! ಮೂರ್ನೇವ ಎಲ್ಲಿ ಕೂರದು ಮಾರಾಯ?" ಎಂದರು. ಮೂರನೆಯವರಿಗೆ ಜಾಗವಿಲ್ಲ ಎಂದೆ. ಅವರು ಇನ್ನೊಮ್ಮೆ ಒಳಗೆ ಇಣುಕಿ, "ಹಂಗಾರೆ ಇದು ಎಂತಕೆ?" ಎಂದು ಕೇಳಿದರು. ಕುಹಕವೇನಿಲ್ಲ, ನಿಜವಾಗಿಯೇ ತಿಳಿಯಬೇಕಾಗಿತ್ತು ಅವರಿಗೆ. ನನಗೆ ಆವತ್ತು ಉತ್ತರ ಹೊಳೆಯಲಿಲ್ಲ. ಆದರೆ ನಾನು ಹಟಮಾರಿ. ಉತ್ತರ ಗೊತ್ತಿಲ್ಲ ಎಂಬ ಕಾರಣಕ್ಕೆ ಒಂದು ವಸ್ತುವನ್ನು ಬಿಟ್ಟುಕೊಡುವ ಜಾಯಮಾನ ನಮ್ಮ ಮನೆತನದ್ದಲ್ಲ.

ಅದೊಂದು ಸ್ಪೋರ್ಟ್ಸ್ ಕಾರು. ಪ್ರದರ್ಶನಕ್ಕಿಡುವಷ್ಟು ಹಳೆಯದಲ್ಲ, ಹೊಸದೆಂದು ಬೀಗುವ ವಯಸ್ಸೂ ದಾಟಿದೆ. ಹಸಿರು ಬಣ್ಣ, ನೆಲಕ್ಕೆ ತಾಗುವಂಥ ಹೊಟ್ಟೆ, ಉಬ್ಬಿದ ಎರಡು ದೀಪ, ಹಿಂದಕ್ಕೆ ಮಡಚಿಡಬಹುದಾದ ಬಟ್ಟೆಯ ಚಾವಣಿ. ಯಾವುದೋ ದೊಡ್ಡ ಪಟ್ಟಣದ ಮನುಷ್ಯನಿಗೆ ಬೇಸರ ಬಂದು ನನ್ನ ಕೈಗೆ ದಾಟಿತು. ನಾನು ಅದಕ್ಕೊಂದು ಚಂದದ ಹೆಸರು ಹುಡುಕುತ್ತಿರುವಾಗಲೇ ನಮ್ಮ ಬೀದಿ "ಕಪ್ಪೆ" ಎಂದು ನಾಮಕರಣ ಮುಗಿಸಿತ್ತು. ನಾನು ಹಲ್ಲಿನ ಡಾಕ್ಟರು. ಕ್ಲಿನಿಕ್ಕಿಗೆ ಬರುವವರು ಬಾಗಿಲು ತಳ್ಳುವ ಮೊದಲೇ, "ಡಾಕ್ಟ್ರು ಇದಾರೆ, ಕಪ್ಪೆ ಹೊರಗೇ ಇದೆ" ಎಂದು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ.

ದಿನವಿಡೀ ಊರಿನವರನ್ನೆಲ್ಲ ಕುರ್ಚಿಯಲ್ಲಿ ಅಂಗಾತ ಮಲಗಿಸಿ, ಬಾಯಿ ತೆರೆಸಿ, ಎದುರು ಮಾತಾಡಲು ಅವಕಾಶವಿಲ್ಲದಂತೆ ಮಾಡುವ ವೃತ್ತಿ ನನ್ನದು. ಸಂಜೆ ನಾನು ಕಪ್ಪೆಯೊಳಗೆ ಇಳಿದಾಗ ಅದೇ ಶಿಕ್ಷೆ ನನಗಾಗುತ್ತದೆ. ಕಾಲು ಮುಂದಕ್ಕೆ ಚಾಚಿ, ಬೆನ್ನು ಹಿಂದಕ್ಕೆ ವಾಲಿಸಿ, ಕಣ್ಣು ಲಾರಿಗಳ ಚಕ್ರದ ಎತ್ತರಕ್ಕೆ. ಹೊರಗೆ ಬರುವುದಂತೂ ಒಂದು ಸಾಹಸ. ಮೊದಲು ಒಂದು ಕಾಲು ಹೊರಗಿಟ್ಟು, ಬಾಗಿಲಿನ ಚೌಕಟ್ಟು ಹಿಡಿದು, "ಅಮ್ಮಾ" ಎಂದು ಏಳಬೇಕು. ಕ್ಲಿನಿಕ್ಕಿನ ಪಕ್ಕದ ಮೆಡಿಕಲ್ ಶಾಪಿನವನು ಒಮ್ಮೆ ಆ ಕೂಗು ಕೇಳಿ ನೀರು ತಂದುಕೊಟ್ಟಿದ್ದಾನೆ.

ಆದರೂ ಯಾಕೆ ಇಟ್ಟುಕೊಂಡಿದ್ದೀರಿ ಎಂದು ನೀವು ಕೇಳಬಹುದು. ಒಂದು ಭಾನುವಾರ ಬೆಳಿಗ್ಗೆ ನನ್ನ ಜೊತೆ ತೀರ್ಥಹಳ್ಳಿ ದಾಟಿ ಮೇಗರವಳ್ಳಿಯ ಕಡೆ ಬನ್ನಿ. ಚಾವಣಿ ಮಡಚಿ, ಮೂರನೇ ಗೇರಿಗೆ ಹಾಕಿ, ಒಂದು ತಿರುವು ಮುಗಿಯುವಷ್ಟರಲ್ಲಿ ಇನ್ನೊಂದು ಎದುರಾಗುವ ಆ ರಸ್ತೆಯಲ್ಲಿ ಹೋಗುವಾಗ ಸ್ಟಿಯರಿಂಗು ನನ್ನ ಅಂಗೈಗೆ ರಸ್ತೆಯ ಸುದ್ದಿಯನ್ನೆಲ್ಲ ಹೇಳುತ್ತದೆ: ಇಲ್ಲಿ ಮರಳಿದೆ, ಇಲ್ಲಿ ಎಲೆ ಕೊಳೆತಿದೆ, ಇಲ್ಲಿ ಡಾಂಬರು ಹೊಸದು. ವೇಗವೇನೂ ಹೆಚ್ಚಲ್ಲ. ಸರ್ಕಾರಿ ಬಸ್ಸು ಹಾರನ್ ಹೊಡೆದು ನಮ್ಮನ್ನು ಹಿಂದೆ ಹಾಕಿದ್ದುಂಟು. ಆದರೆ ಆ ಹೊತ್ತಿನಲ್ಲಿ ನನಗೆ ನನ್ನ ವಯಸ್ಸು, ನನ್ನ ಬೆನ್ನು, ನಾಳೆ ಬೆಳಿಗ್ಗೆ ಬರಲಿರುವ ದವಡೆಹಲ್ಲುಗಳು ಯಾವುವೂ ನೆನಪಿರುವುದಿಲ್ಲ. ಅಷ್ಟು ಖುಷಿಯಾಗುತ್ತದೆ.

ಈ ಖುಷಿಗೆ ನಮ್ಮ ರಸ್ತೆಗಳು ವಿಧಿಸಿರುವ ಸುಂಕದ ಹೆಸರು ಹಂಪ್ಸ್. ನಮ್ಮಲ್ಲಿ ಒಂದು ಶಾಲೆ ಇದ್ದರೆ ಹಂಪ್ಸ್, ಒಂದು ಅಂಗಡಿ ಇದ್ದರೆ ಹಂಪ್ಸ್, ಯಾರದೋ ಕೋಳಿ ಚಕ್ರಕ್ಕೆ ಸಿಕ್ಕಿದ್ದರೆ ಊರವರೇ ಸೇರಿ ಕಟ್ಟಿದ ಹಂಪ್ಸ್. ಒಬ್ಬನೇ ಇದ್ದರೆ ಕಪ್ಪೆ ಓರೆಯಾಗಿ ಹೇಗೋ ದಾಟುತ್ತದೆ. ಇಬ್ಬರು ಕೂತರೆ ಹೊಟ್ಟೆ ಕೆರೆಯುತ್ತದೆ, ಆ ಸದ್ದು ನನ್ನ ಸ್ವಂತ ಹಲ್ಲಿಗೆ ಡ್ರಿಲ್ ಇಟ್ಟ ಹಾಗಾಗುತ್ತದೆ. ಹೀಗಾಗಿ ನಮ್ಮಲ್ಲಿ ಒಂದು ಪದ್ಧತಿ ಬೆಳೆದಿದೆ. ಹಂಪ್ಸ್ ಕಂಡ ತಕ್ಷಣ ನನ್ನ ಹೆಂಡತಿ ಸುಮ ಇಳಿಯುತ್ತಾಳೆ, ನಡೆದು ದಾಟುತ್ತಾಳೆ, ಆಚೆ ಕಡೆ ಮತ್ತೆ ಹತ್ತುತ್ತಾಳೆ. ಹೊಸನಗರಕ್ಕೆ ಹೋಗಿಬಂದರೆ ಅವಳಿಗೆ ವಾಕಿಂಗ್ ಬೇರೆ ಬೇಡ. ಬಟ್ಟೆಮಲ್ಲಪ್ಪದ ಹತ್ತಿರ ಹೀಗೆ ಇಳಿದಿಳಿದೇ ಒಬ್ಬ ಗೆಳತಿಯನ್ನು ಸಂಪಾದಿಸಿದ್ದಾಳೆ, ಅವರ ಮನೆಯಿಂದ ವರ್ಷವೂ ಉಪ್ಪಿನಕಾಯಿಗೆ ಅಪ್ಪೆಮಿಡಿ ಬರುತ್ತದೆ. ಒಮ್ಮೆ ಮಾತ್ರ ಎಡವಟ್ಟಾಯಿತು. ಹಂಪ್ಸ್ ದಾಟಿಸಿದವನು ಅವಳು ಹತ್ತಿದಳೆಂದೇ ಭಾವಿಸಿ ಹೊರಟುಬಿಟ್ಟೆ. ಖಾಲಿ ಸೀಟಿಗೆ ಎಂಜಿನ್ನಿನ ಗುಣಗಾನ ಮಾಡುತ್ತ ಹೋಗಿ, ಮುಂದಿನ ಹಂಪ್ಸಿನಲ್ಲಿ "ಇಳಿ ಮಾರಾಯ್ತಿ" ಎಂದು ಪಕ್ಕಕ್ಕೆ ನೋಡಿದವನು ಕಾರನ್ನು ಬಂದ ದಾರಿಗೇ ತಿರುಗಿಸಿದೆ. ಈ ಕಥೆಯನ್ನು ಅವಳು ನಮ್ಮ ಬಳಗದ ಎಲ್ಲ ಊಟದ ಪಂಕ್ತಿಗಳಲ್ಲೂ ಹೇಳಿದ್ದಾಳೆ.

ನನ್ನಂಥ ಮರುಳರದ್ದೊಂದು ವಾಟ್ಸಾಪ್ ಗುಂಪಿದೆ. ಅಲ್ಲಿ ವರ್ಷವಿಡೀ ನಡೆಯುವ ವಾದ ಒಂದೇ. ಈಗಿನ ಕಾಲದ ಸ್ಪೋರ್ಟ್ಸ್ ಕಾರುಗಳಲ್ಲಿ ಯಾವುದು ಮುಂದೆ ಕ್ಲಾಸಿಕ್ ಆಗಿ ಉಳಿಯುತ್ತದೆ? ಕೈಯಲ್ಲೇ ಗೇರು ಬದಲಿಸುವಂತಿರಬೇಕು ಎಂದು ಒಬ್ಬರು. ಟರ್ಬೊ ಇಲ್ಲದ, ತನ್ನ ಉಸಿರಿನಲ್ಲೇ ಹಾಡುವ ಎಂಜಿನ್ನು ಬೇಕು ಎಂದು ಇನ್ನೊಬ್ಬರು. ಹಗುರವಾಗಿರಬೇಕು, ಕಂಪನಿ ಕೆಲವೇ ಕಾರು ಮಾಡಿ ನಿಲ್ಲಿಸಿರಬೇಕು, ಕರೆಂಟಿನ ಕಾರುಗಳ ಕಾಲ ಬರುವ ಮುಂಚಿನ ಕೊನೆಯ ತಲೆಮಾರಿನದಾಗಿರಬೇಕು. ನಿಲ್ಲಿಸಿ ಹೋಗುವಾಗ ತಿರುಗಿ ನೋಡಬೇಕೆನಿಸಿದರೆ ಅದೇ ಕ್ಲಾಸಿಕ್ ಎಂದು ಒಬ್ಬ ರಸಿಕರು ಬರೆದರು. ನಾನೂ ತಿರುಗಿ ನೋಡುತ್ತೇನೆ, ಬಾನೆಟ್ಟಿನ ಬೆಚ್ಚಗೆ ಯಾರದೋ ನಾಯಿ ಮಲಗಿತೇ ಎಂದು. ಈ ಲಕ್ಷಣಗಳೆಲ್ಲ ಕಪ್ಪೆಗೂ ಇವೆ. ಇವೆಲ್ಲ ನಿಜವೂ ಹೌದು. ಆದರೆ ಇವುಗಳಲ್ಲಿ ಯಾವುದನ್ನೂ ಗಣಪಣ್ಣನ "ಎಂತಕೆ"ಗೆ ಉತ್ತರವಾಗಿ ಹೇಳುವ ಧೈರ್ಯ ನನಗೆ ಬರಲಿಲ್ಲ.

ಅದೇ ಗುಂಪಿನಲ್ಲಿ ಮಂಗಳೂರಿನ ಒಬ್ಬ ಸಂಗ್ರಾಹಕ ಮಹನೀಯರಿದ್ದಾರೆ. ಅವರ ಬಳಿ ಕಾರುಗಳಿಗೆಂದೇ ಎ.ಸಿ. ಹಾಕಿದ ಶೆಡ್ಡಿದೆ. ಕಪ್ಪೆಯನ್ನು ಕೊಡಿ ಎಂದು ದುಂಬಾಲು ಬಿದ್ದಿದ್ದರು. "ನಾವು ಓಡಿಸೋದಿಲ್ಲ ಸಾರ್, ಕಾಪಾಡ್ತೇವೆ" ಎಂದರು ಫೋನಿನಲ್ಲಿ. ಆ ಮಾತು ಕೇಳಿ ನನಗೆ ಇಕ್ಕೇರಿ ವರಹ ನೆನಪಾಯಿತು. ನಮ್ಮ ಇಕ್ಕೇರಿಯ ಅರಸರು ಹೊರಡಿಸಿದ ಆ ಚಿನ್ನದ ನಾಣ್ಯ ಒಂದು ಕಾಲಕ್ಕೆ ಸಂತೆಸಂತೆಗಳಲ್ಲಿ ಕೈಯಿಂದ ಕೈಗೆ ಓಡಾಡಿತು. ಈಗ ಗಾಜಿನ ಪೆಟ್ಟಿಗೆಯಲ್ಲಿ ಹತ್ತಿಯ ಮೇಲೆ ಮಲಗಿದೆ, ಭಾರಿ ಗೌರವ. ಆದರೆ ಅದನ್ನು ಕೊಟ್ಟು ಒಂದು ಕಟ್ಟು ವೀಳ್ಯದೆಲೆ ತರಲು ಬರುವುದಿಲ್ಲ. ಅದೇ ಅರಸರ ಕಾಲದ ಅಘೋರೇಶ್ವರ ದೇವಸ್ಥಾನ ಇಕ್ಕೇರಿಯಲ್ಲೇ ಇದೆ. ಅದರ ಮೆಟ್ಟಿಲು ಸವೆದಿದೆ, ಜನ ಕಂಬಕ್ಕೆ ಒರಗಿ ಒರಗಿ ಕಲ್ಲು ನುಣುಪಾಗಿದೆ. ದಿನವೂ ದೀಪ ಹಚ್ಚುತ್ತಾರೆ. ಎರಡೂ ಉಳಿದಿವೆ. ಹೇಗೆ ಉಳಿಯಬೇಕು ಎಂದು ಕಪ್ಪೆಯನ್ನು ಕೇಳುವ ಹಾಗಿದ್ದರೆ ಚೆನ್ನಾಗಿತ್ತು.

ಸುಮಳಿಗೆ ಮಾತ್ರ ಸಂಶಯವಿರಲಿಲ್ಲ. "ರೀ, ಕೊಟ್ಬಿಡಿ. ನಿಮ್ಮ ಬೆನ್ನು ನೆಟ್ಟಗಿರಬೇಕಾ, ಕಪ್ಪೆ ಇರಬೇಕಾ?" ಎಂದಳು. ಬೆನ್ನಿನ ಪರವಾಗಿ ವಾದಿಸಲು ಬೆನ್ನೇ ಎದ್ದು ನಿಂತಿತ್ತು. ನಾನೂ ಸೋಲುವ ಹಂತಕ್ಕೆ ಬಂದಿದ್ದೆ. "ಅಕ್ಕನನ್ನ ಒಂದ್ಸಲ ಕೂರ್ಸಿ ಆಮೇಲೆ ನೋಡಾಣ" ಎಂದು ಕೊನೆಯ ಗಡುವು ಹಾಕಿಕೊಂಡೆ.

ಅಕ್ಕ ಎಂದರೆ ನನ್ನ ಒಡಹುಟ್ಟಿದ ಭವಾನಿ ಅಕ್ಕ. ಶರಾವತಿ ಹಿನ್ನೀರಿನ ಆಚೆ, ತುಮರಿಯಲ್ಲಿ ಅವಳ ಮನೆ. ಭಾವ ವಾಹನ ಎಂದರೆ ಹೆದರುವ ಮನುಷ್ಯ, ಮನೆಯಲ್ಲಿ ಜೀಪು ಓಡಿಸುತ್ತಿದ್ದವಳು ಅಕ್ಕ. ಈಚೆ ದಡಕ್ಕೆ ಬರಲು ಬಸ್ಸು, ಜೀಪುಗಳನ್ನೂ ಹೊತ್ತು ದಾಟಿಸುವ ಲಾಂಚ್ ಒಂದೇ ದಾರಿಯಾಗಿದ್ದ ಕಾಲದಲ್ಲಿ ಆ ಸುತ್ತಿನ ಎಷ್ಟೋ ಬಸುರಿಯರು ಅಕ್ಕನ ಜೀಪಿನಲ್ಲೇ ದಡ ಸೇರಿ ಲಾಂಚ್ ಹತ್ತಿದವರು. ಒಂದು ಹೆರಿಗೆಯಂತೂ ಜೀಪಿನಲ್ಲೇ ಆಯಿತು. ನನಗೆ ಡ್ರೈವಿಂಗ್ ಕಲಿಸಿದವಳೂ ಅವಳೇ. ಗೇರು ತಪ್ಪಿದರೆ ಮೊಣಕೈಯಿಂದ ತಿವಿಯುತ್ತಿದ್ದಳು. ಆ ಜೀಪು ಸೊರಗಿ ಶೆಡ್ಡು ಸೇರಿತು, ಅಕ್ಕನ ಮೊಣಕಾಲುಗಳೂ ಅದೇ ದಾರಿ ಹಿಡಿದವು. ನಾನು ಕಪ್ಪೆ ತಂದ ಸುದ್ದಿ ಕೇಳಿದವಳು ಎಷ್ಟು ಜನ ಹಿಡೀತಾರೆ ಎಂದು ಕೇಳಲಿಲ್ಲ. "ಗೇರು ಹೆಂಗಿದೆ ತಮ್ಮಾ, ಬಿಗೀನಾ, ಸಡ್ಲನಾ? ಒಂದ್ಸಲ ಈ ಕಡೆ ತಗಂಡು ಬಾ" ಎಂದಳು. ಇಡೀ ಬಳಗದಲ್ಲಿ ಆ ಕಾರಿನ ಬಗ್ಗೆ ಸರಿಯಾದ ಪ್ರಶ್ನೆ ಕೇಳಿದವಳು ಅವಳೊಬ್ಬಳೇ.

ಆಗಿನ್ನೂ ಸೇತುವೆ ಇರಲಿಲ್ಲ, ತೆಗೆದುಕೊಂಡು ಹೋಗುವುದು ಹೇಗೆ? ದಡದಿಂದ ಲಾಂಚಿಗೆ ಇಳಿಸುವ ಕಬ್ಬಿಣದ ಹಲಗೆ ಬಸ್ಸು, ಜೀಪುಗಳಿಗೆ ಸರಿ, ಕಪ್ಪೆಯ ಮೂತಿ ಅದಕ್ಕೆ ನೇರ ಬಡಿಯುತ್ತದೆ. ಇಳಿಜಾರು ಸ್ವಲ್ಪ ಕಡಿಮೆಯಾದರೆ ಸಾಕು ಎಂದು ಲೆಕ್ಕ ಹಾಕಿದ ನನಗೆ ಹೊಳೆದದ್ದು ದಬ್ಬೆ. ಅಡಿಕೆ ಮರ ಸೀಳಿ ಮಾಡಿದ ದಬ್ಬೆ ನಮ್ಮವರಿಗೆ ಸರ್ವರೋಗಕ್ಕೂ ಮದ್ದು. ಹಳ್ಳ ದಾಟಲು ಸಂಕವಾಗಬೇಕೇ, ದಬ್ಬೆ. ನೀರು ಹರಿಸಬೇಕೇ, ದಬ್ಬೆ. ಚಪ್ಪರ, ಬೇಲಿ, ಅಟ್ಟ, ಎಲ್ಲಕ್ಕೂ ದಬ್ಬೆ. ನಾಲ್ಕಾರು ದಬ್ಬೆ ಹೊಂದಿಸಿ ಕಟ್ಟಿ ಹಲಗೆಯ ಮೇಲೆ ಹಾಸಿದೆ. ಸಂಕ ದಾಟಿದ ನಮ್ಮ ಅಜ್ಜಂದಿರು ಬರಿಗಾಲಿನವರು, ಅಗಲವಾದ ನುಣುಪು ಟೈರಿನವರಲ್ಲ ಎಂಬುದು ನನ್ನ ತಲೆಗೆ ಹೋಗಲಿಲ್ಲ. ನೀರು ಸೋಕಿದ ದಬ್ಬೆಯ ಮೇಲೆ ಕಪ್ಪೆ ಅಡ್ಡಡ್ಡ ಜಾರಿತು, ಹೊಟ್ಟೆ ಹಲಗೆಯ ಅಂಚಿಗೆ ಕೂತಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಹಿಂದೆ ಲಾಂಚಿಗೆ ಕಾಯುತ್ತಿದ್ದ ಬಸ್ಸಿನ ತುಂಬ ಇದ್ದ ಯಾತ್ರಿಕರೆಲ್ಲ ಇಳಿದು, ದೇವರ ಹೆಸರು ಕೂಗಿ, ಕಾರನ್ನು ಅನಾಮತ್ತು ಎತ್ತಿ ದಡಕ್ಕಿಟ್ಟರು. ಆಚೆ ದಡದಲ್ಲಿ ಅಕ್ಕ ಒಳ್ಳೆಯ ಸೀರೆ ಉಟ್ಟು, ಮುಡಿಗೆ ಹೂ ಮುಡಿದು ಕಾದು ನಿಂತಿದ್ದಳಂತೆ. ಫೋನು ಮಾಡಿ ಹೇಳಿದೆ. "ಪೆಟ್ಟಾಗಿಲ್ಲ ತಾನೆ?" ಎಂದಳು. ಇಲ್ಲ ಎಂದೆ. "ನಿಂಗಲ್ಲ ಮಾರಾಯ, ಕಾರಿಗೆ" ಎಂದಳು.

ಆಮೇಲೆ ವರ್ಷಗಟ್ಟಲೆ ಆ ಆಸೆ ಹಾಗೇ ಉಳಿಯಿತು. ಈಗ ಸೇತುವೆಯಾಗಿದೆ. ನೀರಿನ ಮೇಲೆ ಒಂದು ದಡದಿಂದ ಇನ್ನೊಂದಕ್ಕೆ ನೇರ ರಸ್ತೆ, ಒಂದೇ ಒಂದು ಹಂಪ್ಸಿಲ್ಲ. ಆದರೆ ಸೇತುವೆ ಸಿದ್ಧವಾಗುವ ಹೊತ್ತಿಗೆ ಅಕ್ಕನ ಮೊಣಕಾಲುಗಳ ತೀರ್ಪೂ ಬಂದಿತ್ತು. ಎರಡಕ್ಕೂ ಆಪರೇಷನ್. ಆಮೇಲೆ ನೆಲದ ಮೇಲೆ ಕೂರುವಂತಿಲ್ಲ, ತಗ್ಗಿನ ಆಸನಗಳಿಗೆ ಕುಕ್ಕರಿಸಿ ಇಳಿಯುವಂತಿಲ್ಲ ಎಂದರು ಮೂಳೆ ಡಾಕ್ಟರು. ನನ್ನ ಕಪ್ಪೆಗಿಂತ ತಗ್ಗಿನ ಆಸನ ಈ ಮೂರು ತಾಲ್ಲೂಕುಗಳಲ್ಲಿ ಇಲ್ಲ. ಅಂದರೆ ಈಗಲೇ ಆಗಬೇಕು, ಇಲ್ಲದಿದ್ದರೆ ಇನ್ನಿಲ್ಲ. ನನಗೆ ನಿಜವಾಗಿ ಸಂಕಟವಾಯಿತು. ಅಕ್ಕನಿಗೆ ಅದನ್ನು ಹೇಳಲು ಹೋದರೆ ಅವಳು ಮಾತೇ ಮುಗಿಸಗೊಡಲಿಲ್ಲ. "ನಾನು ಕೂತ್ಕತೀನಿ ಅಂದ್ರೆ ಕೂತ್ಕತೀನಿ. ನೀನು ಡೀಸೆಲ್ಲೋ ಪೆಟ್ರೋಲೋ ಎಂಥ ಬೇಕೋ ಹಾಕ್ಸ್ಕಂಡು ಬಾ."

ಸುಮ ಹಿಂದಿನ ದಿನವೇ ಬಸ್ಸಿನಲ್ಲಿ ಹೋಗಿ ಅಕ್ಕನ ಮನೆ ಸೇರಿದ್ದಳು. ನಾನು ಬೆಳಿಗ್ಗೆ ಒಬ್ಬನೇ ಕಪ್ಪೆಯನ್ನು ಹೊರಡಿಸಿದೆ. ಅಂಬಾರಗೊಡ್ಲು ದಡದಲ್ಲಿ, ಹಿಂದೆ ಮಾನ ಹೋದ ಜಾಗವನ್ನು ಓರೆಗಣ್ಣಿನಲ್ಲಿ ನೋಡಿ, ಸೇತುವೆ ಹತ್ತಿದೆ. ಎರಡೂ ಕಡೆ ನೀರು, ನಡುನಡುವೆ ಮುಳುಗಿದ ಗುಡ್ಡಗಳ ತಲೆ. ಕಪ್ಪೆಯ ಎಂಜಿನ್ನು ಆ ಬಯಲಿನಲ್ಲಿ ಎಷ್ಟು ಚಂದ ಹಾಡಿತೆಂದರೆ, ಮಂಗಳೂರಿನವರಿಗೆ ಹೂಂ ಎಂದುಬಿಟ್ಟರೆ ಇದನ್ನು ಇನ್ನು ಯಾರು ಕೇಳುತ್ತಾರೆ ಎನಿಸಿ, ಸೇತುವೆ ಬೇಗ ಮುಗಿಯದಿರಲೆಂದು ವೇಗ ಇಳಿಸಿದೆ.

ಅಕ್ಕನ ಮನೆಯ ಅಂಗಳ ರಸ್ತೆಗಿಂತ ಎತ್ತರದಲ್ಲಿದೆ. ಅಂಚಿಗೆ ಕಲ್ಲಿನ ಕಟ್ಟಣೆ, ಕೆಳಗೆ ಸೊಂಟದಷ್ಟು ತಗ್ಗಿಲ್ಲದಿದ್ದರೂ ಮಂಡಿ ಮೀರುವಷ್ಟು ತಗ್ಗಿನಲ್ಲಿ ಕಾಲುದಾರಿ. ಅಕ್ಕ ಊರುಗೋಲು ಹಿಡಿದು ಆ ತಗ್ಗಿನಲ್ಲಿ ಆಗಲೇ ನಿಂತುಬಿಟ್ಟಿದ್ದಳು. ನಾನು ಅಂಗಳಕ್ಕೆ ಕಾರು ಹತ್ತಿಸಿ ಇಳಿಯುವ ಮೊದಲೇ ಆಜ್ಞೆಯಾಯಿತು. "ಇಳೀಬೇಡ. ಹಿಂದಕ್ಕೆ ತಗ. ಇನ್ನೂ ಅಂಚಿಗೆ. ಮೂತಿ ಗೇಟಿನ ಕಡೆ ಬರ್ಲಿ." ನಾನು ಹೇಳಿದಂತೆ ತಿರುಗಿಸಿ ನಿಲ್ಲಿಸಿದೆ. ನೋಡಿದರೆ ಅವಳ ಕಡೆಗೆ ಬಂದದ್ದು ನನ್ನ ಬಾಗಿಲು, ಸ್ಟಿಯರಿಂಗಿನ ಬಾಗಿಲು.

"ಅಕ್ಕ, ನೀನು ಕೂರೋದು ಆ ಕಡೆ."

"ಯಾರು ಹೇಳಿದ್ದು?" ಎಂದಳು ಅಕ್ಕ.

ನಾನು ಎಡಗಡೆಯ ಸೀಟಿಗೆ ತೆವಳಿದೆ. ಅಕ್ಕ ಬಾಗಿಲು ತೆಗೆದಳು. ಅವಳು ತಗ್ಗಿನಲ್ಲಿ, ಕಾರು ಮೇಲೆ. ಊರಿಗೆಲ್ಲ ನೆಲವಾಗಿದ್ದ ಆ ಸೀಟು ಅವಳಿಗೆ ಜಗಲಿಯ ಎತ್ತರಕ್ಕಿತ್ತು. ಬೆನ್ನು ತಿರುಗಿಸಿ ಸಲೀಸಾಗಿ ಕೂತು, ಸುಮ ಕಾಲುಗಳನ್ನು ಮೆಲ್ಲಗೆ ಎತ್ತಿ ಕೊಟ್ಟಾಗ ಒಳಗೆಳೆದುಕೊಂಡಳು. ಒಮ್ಮೆಯೂ ಮಂಡಿ ಬಗ್ಗಿಸಿ ಕುಕ್ಕರಿಸಲಿಲ್ಲ. ನಾನು ಬಾಯಿ ತೆರೆದು ನೋಡುತ್ತಿದ್ದೆ. "ಅತ್ತಿಗೆ, ಕಾಲು ನೋವಾಗಲ್ವಾ?" ಎಂದು ಸುಮ ಕೇಳಿದ್ದಕ್ಕೆ, "ಮಡಚಿದ್ರೆ ನೋವು, ಒತ್ತಿದ್ರೆ ಎಂಥದ್ದೂ ಇಲ್ಲ. ಇದ್ರಲ್ಲಿ ಕಾಲು ಚಾಚಿಯೇ ಕೂರೋದಲ್ವಾ" ಎಂದು ಕನ್ನಡಕ ಒರೆಸಿ ಹಾಕಿಕೊಂಡಳು. ಕ್ಲಚ್ಚು ತುಳಿದು, ಎಂಜಿನ್ನು ಎಬ್ಬಿಸದೆಯೇ ಎಲ್ಲ ಗೇರುಗಳನ್ನೂ ಒಮ್ಮೆ ಮುಟ್ಟಿ ಮಾತಾಡಿಸಿದಳು. ಆಮೇಲೆ ಹೊರಟಳು.

ಮೊದಲು ನಿಧಾನ. ನನ್ನ ಬಲಗೈ ತನ್ನಷ್ಟಕ್ಕೇ ಹ್ಯಾಂಡ್‌ಬ್ರೇಕಿನ ಕಡೆ ಹೋಯಿತು. ಅಕ್ಕನ ಮೊಣಕೈ ಹಳೆಯ ಅಭ್ಯಾಸದಂತೆ ತಿವಿಯಿತು. ತಿರುವಿನಲ್ಲಿ ಅವಳು ಗೇರು ಇಳಿಸಿದ ರೀತಿಗೆ ಕಪ್ಪೆ ಒಂದು ಸಲ ಗುಟುರು ಹಾಕಿ ಮುಂದೆ ನೆಗೆಯಿತು, ಅಕ್ಕ ಗಟ್ಟಿಯಾಗಿ ನಕ್ಕಳು. ಆ ನಗೆಯನ್ನು ಜೀಪು ನಿಂತ ಮೇಲೆ ನಾನು ಕೇಳಿರಲಿಲ್ಲ. ಅಷ್ಟರಲ್ಲಿ ಶಾಲೆಯ ಮುಂದೆ ಹಂಪ್ಸ್ ಬಂತು. ಅಕ್ಕ ನಿಲ್ಲಿಸಿ ನನ್ನ ಮುಖ ನೋಡಿದಳು.

"ಸುಮ ಹೇಳಿದಾಳೆ. ಇಳಿ."

ನನ್ನ ಕಾರಿನಿಂದ ನನ್ನನ್ನೇ ಇಳಿಸಲಾಯಿತು. ಬಾಗಿಲಿನ ಚೌಕಟ್ಟು ಹಿಡಿದು, "ಅಮ್ಮಾ" ಎಂದು ಎದ್ದೆ. ಅಕ್ಕ ಓರೆಯಾಗಿ, ಹೊಟ್ಟೆ ಕೆರೆಯದಂತೆ, ನಾನೆಂದೂ ದಾಟಿಸದಷ್ಟು ನಾಜೂಕಾಗಿ ಹಂಪ್ಸ್ ದಾಟಿಸಿದಳು. ನಾನು ನಡೆದು ಆಚೆ ಹೋಗಿ ಬಾಗಿಲಿಗೆ ಕೈ ಚಾಚಿದೆ. ಕಪ್ಪೆ ನಿಲ್ಲಲಿಲ್ಲ. ಎರಡನೇ ಗೇರು, ಮೂರನೇ ಗೇರು, ತಿರುವಿನಲ್ಲಿ ಹಸಿರು ಬೆನ್ನು ಒಮ್ಮೆ ಮಿಂಚಿ ಮಾಯವಾಯಿತು. ಸದ್ದು ಮಾತ್ರ ಸೇತುವೆಯ ಕಡೆಗೆ ದೂರವಾಗುತ್ತ ಹೋಯಿತು.

ರಸ್ತೆ ಬದಿಯ ಕಿರಾಣಿ ಅಂಗಡಿಯವರು ಕೈಯಲ್ಲಿ ತಕ್ಕಡಿ ಹಿಡಿದೇ ಹೊರಬಂದರು. "ಅದ್ರಲ್ಲಿ ಹೋಗಿದ್ದು ನಮ್ಮ ಭವಾನಕ್ಕನಾ?" ಎಂದರು. ಹೌದು ಎಂದೆ. "ನೀವು?" ಎಂದರು. ಕಾರು ನನ್ನದು ಎಂದು ಹೇಳಬೇಕೆಂದುಕೊಂಡೆ, ಆ ಹೊತ್ತಿಗೆ ಅದು ಅಷ್ಟು ನಿಜವೆನಿಸಲಿಲ್ಲ. "ಅವಳ ತಮ್ಮ" ಎಂದೆ. ಅವರು ಒಂದು ಸ್ಟೂಲು ಕೊಟ್ಟರು. ಅಲ್ಲಿ ಕೂತು ದೂರದ ಆ ಸದ್ದಿಗೆ ಕಿವಿಗೊಟ್ಟೆ. ಹೊರಗಿನಿಂದ ಕಪ್ಪೆಯ ಹಾಡು ಹೇಗಿರುತ್ತದೆಂದು ನಾನು ಅದುವರೆಗೆ ಕೇಳಿಯೇ ಇರಲಿಲ್ಲ. ಕೇಳುತ್ತ ಕೇಳುತ್ತ ಕಣ್ಣು ಒದ್ದೆಯಾಯಿತು, ಅಂಗಡಿಯವರು ಧೂಳು ಎಂದುಕೊಂಡಿರಬೇಕು. ಗುಂಪಿನವರು ಪಟ್ಟಿ ಮಾಡಿದ ಗೇರು, ಉಸಿರು, ಹಗುರ ಎಲ್ಲವೂ ಅದರಲ್ಲಿ ಇದ್ದವು, ಆದರೆ ಅವೆಲ್ಲ ಯಾಕೆ ಬೇಕೆಂಬುದು ಈಗ ತಿಳಿಯಿತು. ಮೊಣಕಾಲು ಸೋತ ನನ್ನ ಅಕ್ಕ ಒಂದಿಷ್ಟು ಹೊತ್ತು ಯಾರ ಕೈಯನ್ನೂ ಹಿಡಿಯದೆ ಹೋಗಿ ಬರಲೆಂದು. ಗಣಪಣ್ಣನಿಗೆ ಹೇಳಲು ನನಗೊಂದು ಉತ್ತರ ಸಿಕ್ಕಿತ್ತು.

ಅವಳು ವಾಪಸು ಬಂದಾಗ ತಲೆಯ ಹೂ ಉದುರಿ, ಕೂದಲೆಲ್ಲ ಕೆದರಿತ್ತು. "ಕಳಸವಳ್ಳಿ ದಾಟಿ ಸೇತುವೆ ಆಚೆ ದಡ ಮುಟ್ಟಿ ಬಂದೆ" ಎಂದಳು. "ಮೂರನೇ ಗೇರು ಸ್ವಲ್ಪ ಬಿಗಿ. ನೋಡ್ಸು."

"ಅಕ್ಕ, ಮಂಗಳೂರಿನವರೊಬ್ರು ಕೇಳ್ತಿದಾರೆ" ಎಂದೆ.

"ಎಂಥಕ್ಕೆ? ಓಡ್ಸಕ್ಕಾ?"

"ಇಲ್ಲ, ಇಡಕ್ಕೆ."

ಅಕ್ಕ ಸ್ಟಿಯರಿಂಗಿನ ಮೇಲಿದ್ದ ಕೈ ತೆಗೆಯಲಿಲ್ಲ. "ಆಪರೇಷನ್ ಆದ್ಮೇಲೆ ನಾನು ನಿಮ್ಮನೇಲೇ ಇರೋದಲ್ವಾ. ನನ್ನ ಕಾಲು ಇನ್ನು ತಗ್ಗಕ್ಕಾಗಲ್ಲ ತಮ್ಮಾ. ಕಾರು ಎತ್ತರಕ್ಕೆ ಬರ್ಬೇಕು. ಅಷ್ಟು ನೋಡ್ಕ" ಎಂದಳು.

ಸುಮ ನನ್ನ ಕಥೆ ಕೇಳಿ ಹೊಟ್ಟೆ ಹಿಡಿದು ನಕ್ಕಳು. ಹಂಪ್ಸಿನಲ್ಲಿ ಬಿಟ್ಟುಹೋಗುವುದು ಎಂದರೇನೆಂದು ಈಗ ತಿಳಿಯಿತಾ ಎಂದಳು. ಊಟದ ಪಂಕ್ತಿಗೆ ಅವಳಿಗೆ ಹೊಸ ಕಥೆ ಸಿಕ್ಕಿತು. ಬೆನ್ನಿನ ಮಾತನ್ನು ಮಾತ್ರ ಆಮೇಲೆ ಎತ್ತಲಿಲ್ಲ. ಆ ಸಂಜೆಯೇ ಮಂಗಳೂರಿಗೆ ಫೋನು ಮಾಡಿ ಕೊಡುವುದಿಲ್ಲ ಎಂದೆ. ಯೋಚನೆ ಮಾಡಿ ಸಾರ್, ಓಡಿಸಿದರೆ ಸವೆಯುತ್ತದೆ ಎಂದರು. ಸವೆಯಲಿ ಎಂದೆ.

ಈಗ ಸಾಗರದ ನಮ್ಮ ಮನೆಯ ಮುಂದೆ ಕೆಲಸ ನಡೆದಿದೆ. ಗೇಟಿನಿಂದ ಮೆಲ್ಲಗೆ ಏರುವ ಉದ್ದನೆಯ ಮಣ್ಣಿನ ದಿಬ್ಬ, ಅಂಚಿಗೆ ಜಂಬಿಟ್ಟಿಗೆ ಕಲ್ಲು, ಪಕ್ಕದಲ್ಲಿ ಅಕ್ಕ ನಿಲ್ಲಲು ತಗ್ಗಿನ ಜಾಗ. ದಬ್ಬೆ ಎಲ್ಲೂ ಬಳಸಿಲ್ಲ. ಅಕ್ಕನ ಆಪರೇಷನ್ ಚೆನ್ನಾಗಿ ಆಗಿದೆ. ಜಗಲಿಯಲ್ಲಿ ಎತ್ತರದ ಕುರ್ಚಿ ಹಾಕಿಸಿಕೊಂಡು, ಇಳಿಜಾರು ಇನ್ನೂ ಸ್ವಲ್ಪ ಕಡಿಮೆಯಾಗಲಿ ಎಂದು ಕೆಲಸದವರಿಗೆ ಅಲ್ಲಿಂದಲೇ ಹೇಳುತ್ತಾಳೆ. ಮೂರನೇ ಗೇರನ್ನು ಮೆಕ್ಯಾನಿಕ್ಕಿಗೆ ತೋರಿಸಿದ್ದೇನೆ.

ನಿನ್ನೆ ಗಣಪಣ್ಣ ಬೇಲಿಯಾಚೆಯಿಂದ ಬಹಳ ಹೊತ್ತು ಇದನ್ನೆಲ್ಲ ನೋಡಿದರು. ಊರೂರಿನ ಹಂಪ್ಸುಗಳಿಗೆ ಜೀವನವಿಡೀ ಶಾಪ ಹಾಕಿದ ಮನುಷ್ಯ ನಾನು ಎಂಬುದು ಅವರಿಗೆ ಗೊತ್ತು. "ಅಲ್ದೋ ಡಾಕ್ಟ್ರೆ, ನಿಮ್ಮನೆ ಅಂಗಳದಲ್ಲೇ ಇಷ್ಟು ದೊಡ್ಡ ಹಂಪ್ಸಾ? ಇದು ಎಂತಕೆ?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಜಗಲಿಯಿಂದ ಅಕ್ಕ ಕೂಗಿ ಹೇಳಿದಳು. "ನಾನು ಹತ್ತಕ್ಕೆ!"